ಸಿಡಿಸಿ28 ಯೀಸ್ಟ್ ಮೂರು ವಾರದಿಂದ ಮೊಗ್ಗು ಬಿಡುತ್ತಿಲ್ಲ, ಯಾರಾದರೂ ದಾರಿ ತೋರಿಸಿ

ಪ್ರಾಜೆಕ್ಟ್ ಹುಡುಗಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಬೇಕರಿ ಯೀಸ್ಟ್‌ನ ಸಿಡಿಸಿ28 ಜೀನ್ ನನ್ನ ಪ್ರಾಜೆಕ್ಟ್. ಈ ಯೀಸ್ಟ್ ಕೋಶ ಮೊಗ್ಗು ಬಿಟ್ಟು ಎರಡಾಗುತ್ತದೆ, ಅದಕ್ಕೆ ಈ ಜೀನ್ ಬೇಕೇ ಬೇಕು. ಈ ಜೀನ್ ಕೆಟ್ಟಿರುವ ರೂಪಾಂತರಿ ತಳಿಯೊಂದನ್ನು ನಮ್ಮ ಗೈಡ್ ತರಿಸಿಕೊಟ್ಟಿದ್ದರು. ಮಾರ್ಚ್ ಮೊದಲ ವಾರದಲ್ಲಿ ತಟ್ಟೆಯ ತುಂಬಾ ಬೆಳೆದಿತ್ತು. ಈಗ ಮೂರು ವಾರವಾಯಿತು, ಎಷ್ಟು ಸಲ ಗೀರಿದರೂ ತಟ್ಟೆ ಬೋಳಾಗಿಯೇ ಇರುತ್ತದೆ. ಅದರ ಪಕ್ಕದಲ್ಲೇ ಇಟ್ಟ, ಜೀನ್ ಕೆಡದ ಮೂಲ ತಳಿ ಮಾತ್ರ ಒಂದೂವರೆ ದಿನದಲ್ಲಿ ಕೆನೆಯ ಹಾಗೆ ಹರಡಿಕೊಳ್ಳುತ್ತದೆ. ಎರಡಕ್ಕೂ ಯೀಸ್ಟ್ ಬೆಳೆಸುವ ಆಹಾರ ಒಂದೇ, ವೈಪಿಡಿ ಮಾಧ್ಯಮ, ಒಂದೇ ದಿನ ಸುರಿದ ತಟ್ಟೆಗಳು. ತಳಿಯೇ ಸತ್ತಿರಬೇಕು, ವಿಷಯ ಬದಲಿಸು ಎಂದು ಗೆಳತಿಯರು ಹೇಳುತ್ತಿದ್ದಾರೆ. ಮೇ ತಿಂಗಳಲ್ಲಿ ವೈವಾ ಇದೆ. ನನಗೆ ಈ ವಿಷಯವನ್ನು ಬಿಡಲು ಮನಸ್ಸಿಲ್ಲ.

ನಿವೃತ್ತ ಉಪನ್ಯಾಸಕ, ಚಿತ್ರದುರ್ಗ

ತಟ್ಟೆಗಳನ್ನು ಎಲ್ಲಿ ಇಡುತ್ತಿದ್ದೀಯಮ್ಮ? ಡಯಲ್ ಎಷ್ಟಕ್ಕಿದೆ ಎಂದು ಕೇಳುತ್ತಿಲ್ಲ. ಒಳಗೆ ಒಂದು ಥರ್ಮಾಮೀಟರ್ ಇಟ್ಟು ಮಧ್ಯಾಹ್ನ ಎರಡು ಗಂಟೆಗೆ ನೋಡಿ ಹೇಳು.

ಪ್ರಾಜೆಕ್ಟ್ ಹುಡುಗಿ, ದಾವಣಗೆರೆ

ಸರ್, ತಣಿಸಲೂ ಬರುವ ಬಿಓಡಿ ಇನ್‌ಕ್ಯುಬೇಟರ್‌ನ ಕಂಪ್ರೆಸರ್ ಮಾರ್ಚ್‌ನಲ್ಲಿ ಕೆಟ್ಟಿತು. ಅದಾದ ಮೇಲೆ ಸಾಮಾನ್ಯ ಇನ್‌ಕ್ಯುಬೇಟರ್‌ನಲ್ಲೇ ಇಡುತ್ತಿದ್ದೇನೆ, ಡಯಲ್ 23ಕ್ಕೆ ಇದೆ. ನಿಮ್ಮ ಮಾತಿನಂತೆ ಈಗ ಥರ್ಮಾಮೀಟರ್ ಇಟ್ಟು ನೋಡಿದೆ: 36. ನಮ್ಮ ಲ್ಯಾಬ್ ತಾರಸಿಯ ಕೆಳಗಿನ ಕೊನೆಯ ಮಹಡಿಯಲ್ಲಿದೆ.

ಹರಿಹರದವಳು, ಈಗ ಬೆಂಗಳೂರಿನ ಲ್ಯಾಬ್‌ನಲ್ಲಿ

ಸಿಕ್ಕಿತಲ್ಲ! ತಂಗಿ, ನಿನ್ನ ತಳಿ ಸತ್ತಿಲ್ಲ. ಅದು ತಾನು ಮಾಡಬೇಕಾದದ್ದನ್ನೇ ಮಾಡುತ್ತಿದೆ. ಸಾಮಾನ್ಯ ಇನ್‌ಕ್ಯುಬೇಟರ್‌ಗೆ ಬಿಸಿ ಮಾಡಲು ಮಾತ್ರ ಬರುತ್ತದೆ, ತಣಿಸಲು ಬರುವುದಿಲ್ಲ. ಕೋಣೆಯೇ 36 ಇರುವಾಗ ಡಯಲನ್ನು 23ಕ್ಕೆ ತಿರುಗಿಸಿ ಪ್ರಯೋಜನವೇನು?

ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿನ್ನ ಪ್ರಾಜೆಕ್ಟ್‌ನ ಜೀವಾಳವೇ ಇದು. ಕೋಶ ವಿಭಜನೆಗೆ ಬೇಕೇ ಬೇಕಾದ ಜೀನನ್ನು ಪೂರ್ತಿ ತೆಗೆದುಹಾಕಿದರೆ ಯೀಸ್ಟ್ ಬದುಕುವುದೇ ಇಲ್ಲ. ಬದುಕದ್ದನ್ನು ಬೆಳೆಸುವುದು ಹೇಗೆ, ಪರೀಕ್ಷಿಸುವುದು ಹೇಗೆ? ಅಮೆರಿಕದ ಲೀಲ್ಯಾಂಡ್ ಹಾರ್ಟ್‌ವೆಲ್ 1970ರ ಸುಮಾರಿಗೆ ಸಿಯಾಟಲ್‌ನಲ್ಲಿ ಇದಕ್ಕೆ ಒಂದು ಉಪಾಯ ಹಿಡಿದರು. ತಂಪಿನಲ್ಲಿ ಸರಿಯಾಗಿದ್ದು, ಕಾವು ಏರಿದಾಗ ಮಾತ್ರ ಕೈಕೊಡುವ ರೂಪಾಂತರಿಗಳನ್ನು ಅವರು ಹುಡುಕಿದರು. 23 ಡಿಗ್ರಿಯಲ್ಲಿ ಪ್ರೋಟೀನ್ ತನ್ನ ಆಕಾರ ಉಳಿಸಿಕೊಂಡು ಕೆಲಸ ಮಾಡುತ್ತದೆ. 36ರ ಆಸುಪಾಸಿನಲ್ಲಿ ಕೆಲಸ ನಿಲ್ಲಿಸುತ್ತದೆ. ಹೀಗೆ ಸಿಕ್ಕ ಜೀನ್‌ಗಳಿಗೆ ಸಿಡಿಸಿ, ಅಂದರೆ ಕೋಶ ವಿಭಜನಾ ಚಕ್ರ (ಸೆಲ್ ಡಿವಿಜನ್ ಸೈಕಲ್) ಎಂದು ಹೆಸರಿಟ್ಟು ಸಂಖ್ಯೆ ಕೊಟ್ಟರು. ನಿನ್ನದು 28ನೆಯದು.

ಹಾಗಾಗಿ ದಾವಣಗೆರೆಯ ಏಪ್ರಿಲ್ ಬಿಸಿಲು ಮೂರು ವಾರದಿಂದ ಹಾರ್ಟ್‌ವೆಲ್ ಅವರ ಪ್ರಯೋಗದ ಅರ್ಧ ಭಾಗವನ್ನು ನಿನ್ನ ಲ್ಯಾಬ್‌ನಲ್ಲಿ ನಡೆಸುತ್ತಿದೆ. ಮೂಲ ತಳಿ 36ರಲ್ಲೂ ಬೆಳೆಯಿತು, ರೂಪಾಂತರಿ ನಿಂತಿತು. ತಟ್ಟೆಗಳ ಫೋಟೋ ತೆಗೆದು ಇಟ್ಟುಕೋ, ಬಿಸಾಡಬೇಡ.

ಬೇಕರಿ ಅಣ್ಣ, ದಾವಣಗೆರೆ

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ, ಆದರೆ ಯೀಸ್ಟ್ ಜೊತೆ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ನಾವು ತರಿಸುವ ಹಸಿ ಯೀಸ್ಟ್ ಗಟ್ಟಿಯಲ್ಲೂ ಈ ಜೀನ್ ಇರುತ್ತದೆಯೇ? ಬೇಸಿಗೆಯಲ್ಲಿ ನಮ್ಮ ಯೀಸ್ಟ್ ನಿಲ್ಲುವುದಿಲ್ಲ, ಮೈಮೇಲೆ ಬರುತ್ತದೆ. ಮೈದಾ ನಾದುವಾಗ ಐಸ್ ನೀರು ಹಾಕದಿದ್ದರೆ ಬ್ರೆಡ್ಡಿನ ಹಿಟ್ಟು ಅಚ್ಚಿನಿಂದ ಹೊರಗೆ ಉಕ್ಕಿಬಿಡುತ್ತದೆ.

ಹರಿಹರದವಳು, ಈಗ ಬೆಂಗಳೂರಿನ ಲ್ಯಾಬ್‌ನಲ್ಲಿ

ಖಂಡಿತ ಇರುತ್ತದೆ ಅಣ್ಣ. ನಿಮ್ಮ ಯೀಸ್ಟೂ ಅವಳ ಯೀಸ್ಟೂ ಒಂದೇ ಜಾತಿ. ನಿಮ್ಮದರಲ್ಲಿ ಆ ಜೀನ್ ಸರಿಯಾಗಿದೆ, ಆದ್ದರಿಂದ ಕಾವಿಗೆ ಹೆದರುವುದಿಲ್ಲ. ಒಳ್ಳೆಯ ಆಹಾರ, 30 ಡಿಗ್ರಿ ಕಾವು ಸಿಕ್ಕರೆ ಲ್ಯಾಬ್‌ನಲ್ಲಿ ಸುಮಾರು 90 ನಿಮಿಷಕ್ಕೆ ಒಂದು ಕೋಶ ಎರಡಾಗುತ್ತದೆ.

ಮಂಡಕ್ಕಿ ಪ್ರಿಯ

ನಮ್ಮೂರ ಬೆಣ್ಣೆ ದೋಸೆ ಹಿಟ್ಟು ಉಬ್ಬುವುದೂ ಇದೇ ಯೀಸ್ಟ್‌ನಿಂದ ತಾನೇ? ಹಾಗಾದರೆ ಈ ಜೀನ್‌ಗೆ ಊರಿನ ಪೌರತ್ವವನ್ನೇ ಕೊಡಬೇಕು.

ನಿವೃತ್ತ ಉಪನ್ಯಾಸಕ, ಚಿತ್ರದುರ್ಗ

ಅಲ್ಲ. ಈ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಅಕ್ಕಿ ಮತ್ತು ಉದ್ದಿನ ಹಿಟ್ಟನ್ನು ಉಬ್ಬಿಸುವ ಕೆಲಸದಲ್ಲಿ ಮುಂದಿರುವುದು ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು, ಅವುಗಳಲ್ಲೂ ಮುಖ್ಯವಾಗಿ ಲ್ಯೂಕೊನಾಸ್ಟಾಕ್. ಹುಳಿಯೂ ಅವುಗಳದ್ದೇ, ಗಾಳಿಗುಳ್ಳೆಯೂ ಬಹುಪಾಲು ಅವುಗಳದ್ದೇ. ಯೀಸ್ಟ್ ಹಿಟ್ಟಿನಲ್ಲಿ ಇರಬಹುದು, ಆದರೆ ಅದು ಪಕ್ಕದ ಪಾತ್ರ. ಬ್ಯಾಕ್ಟೀರಿಯಾದಲ್ಲಿ ಸಿಡಿಸಿ28 ಇಲ್ಲವೇ ಇಲ್ಲ, ಅದು ಎರಡಾಗುವ ರೀತಿಯೇ ಬೇರೆ.

ಮಂಡಕ್ಕಿ ಪ್ರಿಯ

ಇಷ್ಟು ವರ್ಷ ಯೀಸ್ಟ್ ಎಂದೇ ನಂಬಿದ್ದೆ ಸರ್. ನಮ್ಮ ಮನೆಯಲ್ಲಿ ಹಿಟ್ಟು ರುಬ್ಬುವಾಗ ಒಂದು ಹಿಡಿ ಮಂಡಕ್ಕಿ ಸೇರಿಸುತ್ತೇವೆ, ಅದರಿಂದಲೂ ಬೇಗ ಹುಳಿ ಬರುತ್ತದೆ ಎಂದು ಅಜ್ಜಿ ಹೇಳುತ್ತಿದ್ದರು.

ಜಗಳೂರು ಕಡೆಯ ರೈತ

ದೋಸೆಯ ಮಾತು ಬಿಡಿ, ನನ್ನದೊಂದು ನೇರ ಪ್ರಶ್ನೆ. ಮೆಕ್ಕೆಜೋಳಕ್ಕೆ ಸೈನಿಕ ಹುಳು ಬಿದ್ದರೆ ಕೇಳುವವರಿಲ್ಲ. ಕಣ್ಣಿಗೆ ಕಾಣದ ಯೀಸ್ಟ್ ಮೊಗ್ಗು ಬಿಟ್ಟರೇನು, ಬಿಡದಿದ್ದರೇನು? ಇದಕ್ಕೆ ಎರಡು ವರ್ಷದ ಓದು, ಸರ್ಕಾರದ ದುಡ್ಡು. ನನ್ನ ಮಗನೂ ಬಿ.ಎಸ್ಸಿ. ಮಾಡುತ್ತಿದ್ದಾನೆ, ಅದಕ್ಕೇ ಕೇಳುತ್ತಿದ್ದೇನೆ. ಸಿಟ್ಟಿನಿಂದ ಕೇಳಿದ್ದಲ್ಲ.

ಹರಿಹರದವಳು, ಈಗ ಬೆಂಗಳೂರಿನ ಲ್ಯಾಬ್‌ನಲ್ಲಿ

ನ್ಯಾಯವಾದ ಪ್ರಶ್ನೆ ಅಣ್ಣ. ನಾನು ಈ ಕ್ಷೇತ್ರಕ್ಕೆ ಬಂದದ್ದೇ ಇದಕ್ಕೆ ಉತ್ತರ ಓದಿದ ಮೇಲೆ.

ಬ್ರಿಟನ್ನಿನ ಪಾಲ್ ನರ್ಸ್ ಇನ್ನೊಂದು ಜಾತಿಯ ಯೀಸ್ಟ್ ಹಿಡಿದುಕೊಂಡು ಕುಳಿತಿದ್ದರು. ಅದು ಮೊಗ್ಗು ಬಿಡುವುದಿಲ್ಲ, ಕಬ್ಬಿನ ತುಂಡಿನಂತೆ ನಡುವೆ ಸೀಳಿ ಎರಡಾಗುತ್ತದೆ. ಅದರಲ್ಲಿ ಅವರು ಕೆಲಸ ಮಾಡಿದ ಜೀನ್ ಸಿಡಿಸಿ2. ಈ ಎರಡು ಯೀಸ್ಟ್‌ಗಳ ವಂಶ ಬೇರೆಯಾಗಿ ಕೋಟ್ಯಂತರ ವರ್ಷಗಳಾಗಿವೆ. ಆದರೂ 1982ರಲ್ಲಿ ಮೊಗ್ಗಿನ ಯೀಸ್ಟ್‌ನ ಸಿಡಿಸಿ28 ಅನ್ನು ಸೀಳುವ ಯೀಸ್ಟ್‌ಗೆ ಹಾಕಿದಾಗ ಅಲ್ಲಿ ಕೆಟ್ಟಿದ್ದ ಸಿಡಿಸಿ2ರ ಕೆಲಸವನ್ನು ಅದು ಮಾಡಿತು. ಅಲ್ಲಿಗೆ ನಿಲ್ಲದೆ 1987ರಲ್ಲಿ ಮೆಲಾನಿ ಲೀ ಮತ್ತು ನರ್ಸ್ ಮನುಷ್ಯನ ಜೀನ್‌ಗಳ ರಾಶಿಯನ್ನೇ ಯೀಸ್ಟ್‌ಗೆ ಸುರಿದು ನೋಡಿದರು. ಕೆಟ್ಟ ಜೀನ್ ಇದ್ದ ಯೀಸ್ಟ್ ಮತ್ತೆ ವಿಭಜನೆಯಾಗತೊಡಗಿತು. ಅಂದರೆ ನಿಮ್ಮ ಮೈಯಲ್ಲಿರುವ ಜೀನ್ ಒಂದನ್ನು ಯೀಸ್ಟ್ ತನ್ನದೇ ಎಂಬಂತೆ ಬಳಸಿಕೊಂಡಿತು! ಆ ಜೀನ್‌ಗೆ ಈಗ ಸಿಡಿಕೆ1 ಎಂದು ಹೆಸರು. ಸಿಡಿಕೆ ಎಂದರೆ ಸೈಕ್ಲಿನ್ ಎಂಬ ಪ್ರೋಟೀನ್ ಜೊತೆಗಿದ್ದಾಗ ಮಾತ್ರ ಕೆಲಸ ಮಾಡುವ ಪ್ರೋಟೀನ್ ಕೈನೇಸ್, ಸಿಡಿಸಿ28 ಕೂಡ ಅಂಥದ್ದೇ. ಮೆಕ್ಕೆಜೋಳದ ಬೇರಿನ ತುದಿ ಬೆಳೆಯುವಾಗಲೂ ಇದೇ ಮನೆತನದ ಪ್ರೋಟೀನ್ ಕೆಲಸ ಮಾಡುತ್ತಿರುತ್ತದೆ.

ಸೈನಿಕ ಹುಳುವಿಗೆ ಇದರಿಂದ ಔಷಧಿ ಸಿಗುವುದಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಕ್ಯಾನ್ಸರ್ ಎಂದರೆ ಕೋಶ ನಿಲ್ಲಬೇಕಾದಲ್ಲಿ ನಿಲ್ಲದೆ ಎರಡಾಗುತ್ತಾ ಹೋಗುವುದು. ಯಾವಾಗ ಎರಡಾಗಬೇಕು ಎಂಬುದನ್ನು ಯಾರು ನಿರ್ಧರಿಸುತ್ತಾರೆ ಎಂಬ ಉತ್ತರ ಮೊದಲು ಸಿಕ್ಕಿದ್ದು ಯೀಸ್ಟ್‌ನಲ್ಲಿ. ಹಾರ್ಟ್‌ವೆಲ್, ನರ್ಸ್ ಜೊತೆಗೆ ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲ ಜೀವಿಯ ಮೊಟ್ಟೆಯಲ್ಲಿ ಸೈಕ್ಲಿನ್ ಕಂಡುಹಿಡಿದ ಟಿಮ್ ಹಂಟ್, ಮೂವರಿಗೂ 2001ರಲ್ಲಿ ವೈದ್ಯಕೀಯ ನೊಬೆಲ್ ಬಂತು.

ಹೊಳಲ್ಕೆರೆಯ ಮಗಳು

ಇಲ್ಲಿ ಬರೆಯಬೇಕೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ನನ್ನ ಅಮ್ಮನಿಗೆ ಸ್ತನ ಕ್ಯಾನ್ಸರ್. ಪಾಲ್ಬೊಸಿಕ್ಲಿಬ್ ಎಂಬ ಮಾತ್ರೆ ಕೊಟ್ಟಿದ್ದಾರೆ, 21 ದಿನ ನುಂಗಿ 7 ದಿನ ಬಿಡುವು. ಸಿಡಿಕೆ ತಡೆಯುವ ಔಷಧಿ ಎಂದು ಡಾಕ್ಟರ್ ಹೇಳಿದ್ದರು. ಆಗ ತಲೆಗೆ ಹೋಗಿರಲಿಲ್ಲ. ಅದು ಈ ಯೀಸ್ಟ್ ಜೀನೇ ಹಾಗಾದರೆ?

ಹರಿಹರದವಳು, ಈಗ ಬೆಂಗಳೂರಿನ ಲ್ಯಾಬ್‌ನಲ್ಲಿ

ಅಮ್ಮ ಬೇಗ ಚೇತರಿಸಿಕೊಳ್ಳಲಿ. ಅದೇ ಜೀನ್ ಅಲ್ಲ, ಅದರ ದಾಯಾದಿಗಳು. ಯೀಸ್ಟ್‌ನಲ್ಲಿ ಒಂದೇ ಸಿಡಿಸಿ28 ಹೊರುವ ಭಾರವನ್ನು ನಮ್ಮಲ್ಲಿ ಹಲವು ಸಿಡಿಕೆಗಳು ಹಂಚಿಕೊಂಡಿವೆ. ಪಾಲ್ಬೊಸಿಕ್ಲಿಬ್ ತಡೆಯುವುದು ಸಿಡಿಕೆ4 ಮತ್ತು ಸಿಡಿಕೆ6 ಅನ್ನು. ಕೋಶವು ಇನ್ನೊಂದು ಸುತ್ತಿಗೆ ಹೊರಡಬೇಕೇ ಎಂದು ತೀರ್ಮಾನಿಸುವ ಹೊತ್ತಿನಲ್ಲಿ ಅವು ಕೆಲಸ ಮಾಡುತ್ತವೆ. ಯೀಸ್ಟ್‌ನಲ್ಲಿ ಆ ಹಂತಕ್ಕೆ ಹಾರ್ಟ್‌ವೆಲ್ ಇಟ್ಟ ಹೆಸರು ಸ್ಟಾರ್ಟ್. ಬಿಡುವಿನ 7 ದಿನ ಬಿಳಿ ರಕ್ತಕಣಗಳು ಚೇತರಿಸಿಕೊಳ್ಳಲಿ ಎಂದು ಇರುವುದು, ರಕ್ತ ಪರೀಕ್ಷೆಯನ್ನು ತಪ್ಪಿಸಬೇಡಿ.

ಹೊಳಲ್ಕೆರೆಯ ಮಗಳು

ತಪ್ಪಿಸುತ್ತಿಲ್ಲ ಅಕ್ಕ. ಕಳೆದ ತಿಂಗಳು ಕಣಗಳು ಕಡಿಮೆಯಾಗಿವೆ ಎಂದು ಒಂದು ವಾರ ಮುಂದೂಡಿದ್ದರು, ನಾವು ಗಾಬರಿಯಾಗಿದ್ದೆವು. ಈಗ ಕಾರಣ ತಿಳಿಯಿತು. ಇವತ್ತು ಅಮ್ಮನಿಗೆ ಓದಿ ಹೇಳುತ್ತೇನೆ.

ಜಗಳೂರು ಕಡೆಯ ರೈತ

ತಾಯಿ, ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಓದಿಸಲಿ, ಎಲ್ಲರೂ ಓದಲಿ. ಸೈನಿಕ ಹುಳುವಿನ ಬಗ್ಗೆಯೂ ಯಾರಾದರೂ ಹೀಗೆ ಕುಳಿತು ಓದಲಿ ಎಂಬುದು ಮಾತ್ರ ಉಳಿಯಿತು.

ಪದಗಳ ಹುಚ್ಚ, ಚಿತ್ರದುರ್ಗ

ಇಷ್ಟೊತ್ತು ಸುಮ್ಮನಿದ್ದೆ. ಪ್ರೋಟೀನ್ ಕೈನೇಸ್ ಎನ್ನುವುದಕ್ಕೆ ಕನ್ನಡದಲ್ಲಿ ಏನು ಹೇಳುತ್ತೀರಿ? ಎಲ್ಲವನ್ನೂ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದರೆ ಹಳ್ಳಿಯ ಮಕ್ಕಳಿಗೆ ಏನು ಅರ್ಥವಾಗುತ್ತದೆ?

ನಿವೃತ್ತ ಉಪನ್ಯಾಸಕ, ಚಿತ್ರದುರ್ಗ

ಕೈನೇಸ್ ಎಂದೇ ಹೇಳಿ, ಏನು ಮಾಡುತ್ತದೆ ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಸಾಕು. ಕೋಶದ ಇಂಧನವಾದ ಎಟಿಪಿಯಿಂದ ಒಂದು ಫಾಸ್ಫೇಟ್ ಕಿತ್ತು ಇನ್ನೊಂದು ಪ್ರೋಟೀನ್‌ಗೆ ಅಂಟಿಸುವ ಕಿಣ್ವ ಅದು. ಫಾಸ್ಫೇಟ್ ಅಂಟಿದ ಕೂಡಲೇ ಆ ಪ್ರೋಟೀನ್‌ನ ವರ್ತನೆ ಬದಲಾಗುತ್ತದೆ. ಕೆಲವು ಎಚ್ಚರವಾಗುತ್ತವೆ, ಕೆಲವು ಸುಮ್ಮನಾಗುತ್ತವೆ, ಕೆಲವು ನಾಶವಾಗುತ್ತವೆ. ನಾನು ತರಗತಿಯಲ್ಲಿ ತಹಸೀಲ್ದಾರ್ ಕಚೇರಿಯ ಮೊಹರಿನ ಉದಾಹರಣೆ ಕೊಡುತ್ತಿದ್ದೆ. ಅರ್ಜಿ ಅದೇ, ಕಾಗದ ಅದೇ. ಮೊಹರು ಬಿದ್ದ ಮೇಲೆ ಅದು ಮುಂದಿನ ಮೇಜಿಗೆ ಹೋಗುತ್ತದೆ.

ಪದಗಳ ಹುಚ್ಚರಿಗೆ ಇನ್ನೊಂದು ಮಾತು. ಎನ್‌ಜೈಮ್‌ಗೆ ನಾವು ಬಳಸುವ ಕಿಣ್ವ ಸಂಸ್ಕೃತದ ಹಳೆಯ ಪದ. ಮದ್ಯ ಹುದುಗಿಸಲು ಹಾಕುತ್ತಿದ್ದ ಹುದುಗಿಗೆ ಅರ್ಥಶಾಸ್ತ್ರದಲ್ಲಿ ಇದೇ ಹೆಸರಿದೆ. ಗ್ರೀಕ್ ಮೂಲದ ಎನ್‌ಜೈಮ್ ಪದದ ಅರ್ಥವೂ ‘ಯೀಸ್ಟ್‌ನೊಳಗೆ’ ಎಂದೇ. ಯಾರು ಈ ಪದವನ್ನು ಆರಿಸಿದರೋ, ಬಹಳ ತಿಳಿದವರು ಆರಿಸಿದ್ದಾರೆ.

ಪದಗಳ ಹುಚ್ಚ, ಚಿತ್ರದುರ್ಗ

ಸರ್, ಇದೊಂದಕ್ಕಾಗಿ ಇವತ್ತಿನ ದಿನ ಸಾರ್ಥಕವಾಯಿತು.

ನಾಟಕದ ಮನೆಯವನು, ದಾವಣಗೆರೆ

ಯೀಸ್ಟ್ ಕೋಶ ಎರಡಾಗುವಾಗ ಒಂದೇ ಜೀನ್ ಶುರುವಿನಲ್ಲೂ ಕೆಲಸ ಮಾಡುತ್ತದೆ, ಕೊನೆಯಲ್ಲೂ ಮಾಡುತ್ತದೆ ಎಂದರೆ ನಮ್ಮ ವೃತ್ತಿ ಕಂಪನಿ ನಾಟಕದ ಹಾಗಾಯಿತು. ನಟ ಒಬ್ಬನೇ. ಮೊದಲ ಅಂಕದಲ್ಲಿ ಕಿರೀಟ ಇಟ್ಟರೆ ರಾಜ, ಮೂರನೆಯ ಅಂಕದಲ್ಲಿ ಜೋಳಿಗೆ ಹಾಕಿದರೆ ಭಿಕ್ಷುಕ. ಸೈಕ್ಲಿನ್ ಅಂದರೆ ವೇಷ, ಸಿಡಿಸಿ28 ಅಂದರೆ ನಟ. ಸರಿಯೇ?

ಹರಿಹರದವಳು, ಈಗ ಬೆಂಗಳೂರಿನ ಲ್ಯಾಬ್‌ನಲ್ಲಿ

ಮುಕ್ಕಾಲು ಪಾಲು ಸರಿ. ನಟನ ಪ್ರಮಾಣ ಕೋಶದಲ್ಲಿ ಹೆಚ್ಚು ಕಡಿಮೆ ಒಂದೇ ಇರುತ್ತದೆ, ಬಂದು ಹೋಗುವುದು ಸೈಕ್ಲಿನ್. ಜೊತೆಗೆ ಸೈಕ್ಲಿನ್ ಇಲ್ಲದಿದ್ದರೆ ಸಿಡಿಸಿ28 ನಿದ್ದೆಯಲ್ಲಿರುತ್ತದೆ. ಸಿಎಲ್‌ಎನ್ ಗುಂಪಿನವು ಸೇರಿದರೆ ಮೊಗ್ಗು ಹೊರಡುತ್ತದೆ, ಸಿಎಲ್‌ಬಿ ಗುಂಪಿನವು ಸೇರಿದರೆ ಡಿಎನ್‌ಎ ಪ್ರತಿಯಾಗುವುದು, ವರ್ಣತಂತುಗಳು ಬೇರೆಯಾಗಲು ಸಿದ್ಧವಾಗುವುದು.

ವಾದ ಬಿಡದವನು, ಮೈಸೂರು

ವೇಷದ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ. 2010ರಲ್ಲಿ ನರ್ಸ್ ಅವರ ಲ್ಯಾಬ್‌ನವರೇ ಸೀಳುವ ಯೀಸ್ಟ್‌ನಲ್ಲಿ ಒಂದೇ ಸೈಕ್ಲಿನ್ ಅನ್ನು ಸಿಡಿಸಿ2ಗೆ ಬೆಸೆದು, ಉಳಿದ ಸೈಕ್ಲಿನ್‌ಗಳನ್ನು ತೆಗೆದು ನೋಡಿದರು. ಕೋಶ ಚಕ್ರ ನಡೆಯಿತು! ಒಂದೇ ವೇಷದಲ್ಲಿ ಇಡೀ ನಾಟಕ ಮುಗಿಯಿತಲ್ಲ? ಕೈನೇಸ್ ಚಟುವಟಿಕೆ ಕಡಿಮೆ ಮಟ್ಟದಲ್ಲಿದ್ದಾಗ ಡಿಎನ್‌ಎ ಪ್ರತಿ, ಮೇಲಿನ ಮಟ್ಟಕ್ಕೆ ಏರಿದಾಗ ವಿಭಜನೆ. ನಿಜವಾದ ಹೋಲಿಕೆ ಹಾಡುಗಾರನ ಸ್ಥಾಯಿ. ಮಂದ್ರದಲ್ಲಿ ಒಂದು ಕೆಲಸ, ತಾರದಲ್ಲಿ ಇನ್ನೊಂದು.

ಹರಿಹರದವಳು, ಈಗ ಬೆಂಗಳೂರಿನ ಲ್ಯಾಬ್‌ನಲ್ಲಿ

ಅದು ಸೀಳುವ ಯೀಸ್ಟ್‌ನ ಮಾತು. ಮೊಗ್ಗಿನ ಯೀಸ್ಟ್‌ನಲ್ಲಿ ಯಾವ ಪ್ರೋಟೀನ್‌ಗೆ ಫಾಸ್ಫೇಟ್ ಅಂಟಿಸಬೇಕು ಎಂಬುದರಲ್ಲಿ ಸೈಕ್ಲಿನ್‌ನ ಪಾಲೂ ಇದೆ. ಆದ್ದರಿಂದ ವೇಷವೂ ಬೇಕು, ಸ್ಥಾಯಿಯೂ ಬೇಕು.

ನಾಟಕದ ಮನೆಯವನು, ದಾವಣಗೆರೆ

ಕಂಪನಿ ನಾಟಕದಲ್ಲಿ ನಟನೇ ಹಾಡುತ್ತಾನೆ ಸ್ವಾಮಿ. ಎರಡೂ ನಮ್ಮಲ್ಲೇ ಇವೆ.

ನಿವೃತ್ತ ಉಪನ್ಯಾಸಕ, ಚಿತ್ರದುರ್ಗ

ವಿಷಯ ಬದಲಿಸು ಎಂದು ಗೆಳತಿಯರು ಹೇಳಿದ್ದಕ್ಕೆ ಒಂದು ಪ್ರಸಂಗ ನೆನಪಾಯಿತು. ನರ್ಸ್ ತಮ್ಮ ಯುವಕಾಲದಲ್ಲಿ ಎಡಿನ್‌ಬರೋದಲ್ಲಿ ಪುಟ್ಟ ಗಾತ್ರಕ್ಕೇ ಎರಡಾಗಿಬಿಡುವ ಯೀಸ್ಟ್‌ಗಳನ್ನು ಹುಡುಕುತ್ತಿದ್ದರು. ಅವುಗಳಿಗೆ ‘ವೀ’ ಎಂದು ಹೆಸರಿಟ್ಟರು, ಸ್ಕಾಟ್ಲೆಂಡಿನ ಮಾತಿನಲ್ಲಿ ಚಿಕ್ಕದು ಎಂದರ್ಥ. ಸಿಕ್ಕವೆಲ್ಲ ಒಂದೇ ಜೀನ್‌ನವು. ಒಂದು ದಿನ ಬೂಸ್ಟು ಹಿಡಿದ ತಟ್ಟೆಯೊಂದನ್ನು ಬೇಸತ್ತು ಕಸಕ್ಕೆ ಎಸೆದು ಮನೆಗೆ ಹೋದರು. ಮನಸ್ಸು ತಡೆಯಲಿಲ್ಲ. ಮಳೆಯಲ್ಲಿ ಹಿಂದಿರುಗಿ ಕಸದಿಂದ ಆ ತಟ್ಟೆಯನ್ನು ಎತ್ತಿಕೊಂಡರು. ಅದರಲ್ಲಿದ್ದದ್ದು ಸಿಡಿಸಿ2ರದ್ದೇ ಒಂದು ಅಪರೂಪದ ರೂಪಾಂತರಿ. ಜೀನ್ ಕೆಟ್ಟರೆ ವಿಭಜನೆ ನಿಲ್ಲುತ್ತದೆ ಎಂಬುದು ಗೊತ್ತಿತ್ತು. ಅದೇ ಜೀನ್ ಚುರುಕಾದರೆ ವಿಭಜನೆ ಬೇಗ ಆಗುತ್ತದೆ ಎಂಬುದು ಆ ತಟ್ಟೆಯಿಂದ ತಿಳಿಯಿತು. ವಿಭಜನೆಯ ವೇಳೆಯನ್ನು ನಿಗದಿ ಮಾಡುವ ಜೀನ್ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಅಂದ ಹಾಗೆ, ಆ ಯೀಸ್ಟ್‌ನ ಪೂರ್ತಿ ಹೆಸರು ಸ್ಕಿಜೊಸ್ಯಾಕರೊಮೈಸಿಸ್ ಪೋಂಬೆ. ಪೋಂಬೆ ಎಂದರೆ ಸ್ವಾಹಿಲಿ ಭಾಷೆಯಲ್ಲಿ ಬಿಯರ್. ಪೂರ್ವ ಆಫ್ರಿಕಾದ ಸಿರಿಧಾನ್ಯದ ಬಿಯರ್‌ನಿಂದ 1893ರಲ್ಲಿ ಅದನ್ನು ಬೇರ್ಪಡಿಸಿದ್ದು.

ಜಗಳೂರು ಕಡೆಯ ರೈತ

ಸಿರಿಧಾನ್ಯ ಎಂದಿರಲ್ಲ, ಈಗ ನಮ್ಮ ಹೊಲದ ಮಾತಾಯಿತು. ನವಣೆ ಗಂಜಿ ಎರಡು ದಿನ ಇಟ್ಟರೆ ನೊರೆ ಬರುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ.

ಪ್ರಾಜೆಕ್ಟ್ ಹುಡುಗಿ, ದಾವಣಗೆರೆ

ಎಲ್ಲವನ್ನೂ ಓದಿದೆ, ಕೆಲವನ್ನು ಎರಡೆರಡು ಸಲ. ಗೈಡ್‌ಗೂ ತೋರಿಸಿದೆ. ಬಿಓಡಿ ರಿಪೇರಿಗೆ ಇನ್ನೂ ಮೂರು ವಾರ ಬೇಕಂತೆ. ಅಲ್ಲಿಯವರೆಗೆ 23 ಡಿಗ್ರಿಯನ್ನು ಎಲ್ಲಿಂದ ತರಲಿ? ಫ್ರಿಜ್‌ನಲ್ಲಿ ಇಟ್ಟರೆ 4 ಡಿಗ್ರಿ, ಅಲ್ಲಿ ಏನೂ ಬೆಳೆಯುವುದಿಲ್ಲ.

ಬೇಕರಿ ಅಣ್ಣ, ದಾವಣಗೆರೆ

ಎರಡು ಮಣ್ಣಿನ ಹರವಿ ತೆಗೆದುಕೋ ತಂಗಿ, ಒಂದು ದೊಡ್ಡದು, ಒಂದು ಅದರೊಳಗೆ ಕೂರುವಂಥದ್ದು. ನಡುವೆ ಮರಳು ತುಂಬಿ ದಿನಕ್ಕೆ ಮೂರು ಸಲ ನೀರು ಹಾಕು. ಬಾಯಿಗೆ ಒದ್ದೆ ಗೋಣಿ. ಕರೆಂಟ್ ಹೋದಾಗ ನಾನು ಯೀಸ್ಟ್ ಗಟ್ಟಿಯನ್ನು ಅದರಲ್ಲೇ ಉಳಿಸಿಕೊಳ್ಳುತ್ತೇನೆ. ಈಗ ಗಾಳಿ ಒಣಗಿರುವುದರಿಂದ ಚೆನ್ನಾಗಿ ತಣ್ಣಗಾಗುತ್ತದೆ. ಮಳೆ ಶುರುವಾದ ಮೇಲೆ ಕೆಲಸ ಮಾಡುವುದಿಲ್ಲ.

ಹರಿಹರದವಳು, ಈಗ ಬೆಂಗಳೂರಿನ ಲ್ಯಾಬ್‌ನಲ್ಲಿ

ಅಣ್ಣನ ಉಪಾಯ ಚೆನ್ನಾಗಿದೆ. 25 ಸಿಕ್ಕರೂ ಸಾಕು, ಈ ತಳಿ ಬೆಳೆಯುತ್ತದೆ. ತೇವಕ್ಕೆ ಬೂಸ್ಟು ಬೇಗ ಬರುತ್ತದೆ, ತಟ್ಟೆಯ ಅಂಚಿಗೆ ಪ್ಯಾರಾಫಿಲ್ಮ್ ಎಂಬ ಮೇಣದಂಥ ಪಟ್ಟಿ ಸುತ್ತಿ ಡಬ್ಬಿಯೊಳಗೆ ಇಡು. ಒಳಗೆ ಥರ್ಮಾಮೀಟರ್ ಇರಲೇಬೇಕು.

ಇನ್ನೊಂದು ಎಚ್ಚರಿಕೆ. 36ರಲ್ಲಿ ಇಟ್ಟಿದ್ದ ಹಳೆಯ ತಟ್ಟೆಗಳಲ್ಲಿ ಅಲ್ಲೊಂದು ಇಲ್ಲೊಂದು ದೊಡ್ಡ ಕಾಲೊನಿ ಎದ್ದಿದ್ದರೆ ಅದರಿಂದ ಗೀರಬೇಡ. ಜೀನ್ ಮತ್ತೆ ಸರಿಹೋದ ಕೋಶಗಳು ಅವು. ಅದನ್ನು ಬೆಳೆಸಿದರೆ ನಿನ್ನ ರೂಪಾಂತರಿಯೇ ಕಳೆದುಹೋಗುತ್ತದೆ. ಗ್ಲಿಸರಾಲ್‌ನಲ್ಲಿ ಹೆಪ್ಪುಗಟ್ಟಿಸಿದ ಮೂಲ ಟ್ಯೂಬ್‌ನಿಂದಲೇ ಶುರು ಮಾಡು. ಟ್ಯೂಬ್ ಮೇಲೆ ಏನು ಬರೆದಿದೆ? ಸಿಡಿಸಿ28ರಲ್ಲೇ ಬೇರೆ ಬೇರೆ ರೂಪಾಂತರಿಗಳಿವೆ.

ಪ್ರಾಜೆಕ್ಟ್ ಹುಡುಗಿ, ದಾವಣಗೆರೆ

28-4 ಎಂದಿದೆ ಅಕ್ಕ.

ಹರಿಹರದವಳು, ಈಗ ಬೆಂಗಳೂರಿನ ಲ್ಯಾಬ್‌ನಲ್ಲಿ

ಒಳ್ಳೆಯದು. ಅದು ಸ್ಟಾರ್ಟ್‌ನಲ್ಲೇ ನಿಲ್ಲುವ ತಳಿ. 28-1ಎನ್ ಎಂಬ ಇನ್ನೊಂದು ರೂಪಾಂತರಿಯಾಗಿದ್ದರೆ ಮೊಗ್ಗು ಬಿಟ್ಟ ಮೇಲೆ, ವಿಭಜನೆಯ ಹೊಸ್ತಿಲಲ್ಲಿ ನಿಲ್ಲುತ್ತಿತ್ತು. ತಂಪಿನಲ್ಲಿ ದ್ರವ ಮಾಧ್ಯಮದಲ್ಲಿ ಬೆಳೆಸಿ, ಅರ್ಧವನ್ನು 37ಕ್ಕೆ ಹಾಕಿ ಮೂರು ಗಂಟೆ ಬಿಡು. ಎರಡರಿಂದಲೂ ಒಂದೊಂದು ಹನಿ ತೆಗೆದು ಮೊಗ್ಗು ಇರುವವನ್ನೂ ಇಲ್ಲದವನ್ನೂ ಎಣಿಸು. ಎಣಿಸುವ ಮೊದಲು ಚೆನ್ನಾಗಿ ಅಲುಗಾಡಿಸು, ಇಲ್ಲದಿದ್ದರೆ ಅಂಟಿಕೊಂಡ ಎರಡು ಕೋಶಗಳೇ ಮೊಗ್ಗಿನಂತೆ ಕಾಣುತ್ತವೆ.

ಪ್ರಾಜೆಕ್ಟ್ ಹುಡುಗಿ, ದಾವಣಗೆರೆ

ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಅಪ್ಪ ಸಂತೆಯಿಂದ ಹರವಿ ತಂದುಕೊಟ್ಟರು. ಮಧ್ಯಾಹ್ನ ಹೊರಗೆ 38, ಒಳಗೆ 26. ಒಂದು ಐಸ್ ಬಾಟಲಿ ಇಟ್ಟ ಮೇಲೆ 24. ನಾಲ್ಕನೆಯ ದಿನ ತಟ್ಟೆಯಲ್ಲಿ ಸಾಸಿವೆ ಕಾಳಿನಷ್ಟು ಕಾಲೊನಿಗಳು ಕಂಡವು. ಅವನ್ನು ನೋಡಿ ಲ್ಯಾಬ್‌ನಲ್ಲೇ ಕಣ್ಣು ತುಂಬಿ ಬಂತು.

ನಿನ್ನೆ ಎಣಿಸಿದೆ. ತಂಪಿನಲ್ಲಿದ್ದವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಿಗೆ ಮೊಗ್ಗು ಇತ್ತು. ಕೆಲವು ಆಗಷ್ಟೇ ಹೊರಟ ಗುಳ್ಳೆಯಂತೆ, ಕೆಲವು ತಾಯಿಯಷ್ಟೇ ದೊಡ್ಡವು. 37ರಲ್ಲಿ ಮೂರು ಗಂಟೆ ಇದ್ದ ಹನಿಯನ್ನು ನೋಡಿದರೆ ಹತ್ತರಲ್ಲಿ ಎಂಟೊಂಬತ್ತು ಬರೀ ದುಂಡಗೆ, ಮೊಗ್ಗೇ ಇಲ್ಲ. ತಂಪಿನವುಗಳಿಗಿಂತ ಗಾತ್ರದಲ್ಲಿ ದೊಡ್ಡವು. ಕೆಲವು ಒಂದು ಬದಿಗೆ ಚೂಪಾಗಿ ಪೇರಳೆ ಹಣ್ಣಿನಂತಾಗಿದ್ದವು. ಮೂಲ ತಳಿಯಲ್ಲಿ 37ರಲ್ಲೂ ಮೊಗ್ಗುಗಳಿದ್ದವು.

ನಿವೃತ್ತ ಉಪನ್ಯಾಸಕ, ಚಿತ್ರದುರ್ಗ

ಭೇಷ್! ದೊಡ್ಡದಾಗಿವೆ ಎಂದು ಗಮನಿಸಿದೆಯಲ್ಲ, ಅದನ್ನು ದಪ್ಪ ಅಕ್ಷರದಲ್ಲಿ ಬರೆ. ಕೋಶದ ಬೆಳವಣಿಗೆ ನಿಂತಿಲ್ಲ, ವಿಭಜನೆಗೆ ಹೊರಡುವುದು ಮಾತ್ರ ನಿಂತಿದೆ. ಸತ್ತಿದ್ದರೆ ದೊಡ್ಡದಾಗುತ್ತಿರಲಿಲ್ಲ. ಆ ಮೂರು ಗಂಟೆಯಲ್ಲಿ ಮೊಗ್ಗು ಆಗಲೇ ಇದ್ದ ಕೋಶಗಳು ತಮ್ಮ ಸುತ್ತನ್ನು ಮುಗಿಸಿ, ಮುಂದಿನ ಸುತ್ತಿನ ಬಾಗಿಲಲ್ಲಿ ನಿಂತಿವೆ. ವೈವಾದಲ್ಲಿ ಖಂಡಿತ ಇದನ್ನೇ ಕೇಳುತ್ತಾರೆ.

ವಾದ ಬಿಡದವನು, ಮೈಸೂರು

ಮತ್ತೆ ತಂಪಿಗೆ ತಂದು ನೋಡಿದೆಯಾ? ಮೊಗ್ಗು ವಾಪಸ್ ಬಂದರೆ ಮಾತ್ರ ಸತ್ತಿಲ್ಲ ಎಂದು ನಾನು ಒಪ್ಪುತ್ತೇನೆ.

ಪ್ರಾಜೆಕ್ಟ್ ಹುಡುಗಿ, ದಾವಣಗೆರೆ

ಇವತ್ತು ಬೆಳಿಗ್ಗೆ ಆರಕ್ಕೆ ಬಂದು ಅದನ್ನೇ ಹಾಕಿದ್ದೇನೆ ಸರ್. 37ರ ಫ್ಲಾಸ್ಕ್ ಈಗ ಹರವಿಯೊಳಗಿದೆ. ಗಂಟೆಗೊಂದು ಹನಿ ನೋಡುತ್ತಿದ್ದೇನೆ. ಎರಡನೆಯ ಹನಿಯಲ್ಲಿ ದುಂಡು ಕೋಶಗಳ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಹೊರಡುತ್ತಿವೆ. ಮೂರನೆಯ ಹನಿಯನ್ನು ಈಗ ಸ್ಲೈಡ್ ಮೇಲೆ ಹಾಕುತ್ತಿದ್ದೇನೆ, ಎಣಿಸಿ ಸಂಜೆ ಬರೆಯುತ್ತೇನೆ.